ದಂಡದ ತಿರುಳು

ಬರ್ಮಿಂಗ್‌ಹ್ಯಾಮಿನ ಹಾಕ್ಲಿ, ಅಕ್ಕಸಾಲಿಗರ ಕೇರಿ,
ಎರಡನೇ ಮಹಡಿ, ಉತ್ತರದ ಕಿಟಕಿ.
ಅಲ್ಲಿ ಕೂತು ಮಖಮಲ್ಲು ಅಂಟಿಸುತ್ತೇನೆ
ಇಪ್ಪತ್ತಾರು ವರ್ಷದಿಂದ:
ಉಂಗುರದ ಡಬ್ಬಿಗೆ, ಪಿಟೀಲಿನ ಪೆಟ್ಟಿಗೆಗೆ,
ಒಮ್ಮೊಮ್ಮೆ ಶವಪೆಟ್ಟಿಗೆಯ ಒಳಮೈಗೆ.

ಈ ಸಲ ಬಂದದ್ದು ದಂಡ.

ಫೀಲ್ಡ್ ಮಾರ್ಷಲ್ ಆದವರಿಗೆ ಅರಮನೆ ಕೊಡುವ ಕೋಲು.
ಮೊಳಕ್ಕಿಂತ ತುಸು ಉದ್ದ,
ಮೈತುಂಬ ಕೆಂಪು ಉಡಿಸಬೇಕು,
ಕೆಂಪಿನ ಮೇಲೆ ಬಂಗಾರದ ಪುಟ್ಟ ಸಿಂಹಗಳು,
ನೆತ್ತಿಯಲ್ಲಿ ಕುದುರೆ ಸವಾರ, ಅವನ ಕಾಲಡಿ
ಹಲ್ಲಿಯಷ್ಟೇ ದೊಡ್ಡದೊಂದು ಘಟಸರ್ಪ.

ಇನ್ನೂ ಬಟ್ಟೆ ಕಾಣದ ದಂಡ
ಮೇಜಿನ ಮೇಲೆ ಹೊರಳಿದಾಗ, ಸುಳ್ಳೇಕೆ,
ನನಗೆ ಕಂಡದ್ದು ಲಟ್ಟಣಿಗೆ.
ಹಿಟ್ಟು ಉದುರಿಸಿ ಒಂದು ಚಪಾತಿ ಒತ್ತಿಬಿಡಲೇ ಎಂದೆ.
ವಿಲ್ಫ್ರೆಡ್ ಟ್ರಾಂಟರ್ ನಗಲಿಲ್ಲ.
ಕಡೆದವನು ಅವನು, ಓಕ್ ಮರದಲ್ಲಿ,
ಎಳೆ ನೋಡಿ, ಮೂಸಿ ನೋಡಿ,
ಎರಡು ತುಂಡು ಬಿಸಾಕಿ ಮೂರನೆಯದರಲ್ಲಿ.

ನಮ್ಮ ಮಾತಿನಲ್ಲಿ ದಂಡವೆಂದರೆ ಎಷ್ಟೊಂದು!
ರಾಜನ ಕೈಯಲ್ಲಿದ್ದರೆ ಆಳಿಕೆ,
ಸನ್ಯಾಸಿಯ ಕೈಯಲ್ಲಿ, ಬಿಟ್ಟುಬಂದದ್ದರ ಗುರುತು,
ಕೋರ್ಟಿನಲ್ಲಾದರೆ ಕಟ್ಟಿ ಏಳಬೇಕಾದದ್ದು,
ದುಡಿದೂ ಕೈಗೆ ಹತ್ತದಿದ್ದರೆ, ಎಲ್ಲ ದಂಡ.
ಕೊಂಬು ಕೊಟ್ಟರೆ ದಂಡು.
ಬೆಂಗಳೂರಿನ ದಂಡಿನಲ್ಲಿ ನನ್ನ ಮುತ್ತಜ್ಜ ಸಿಂಪಿಗರ ತುಕ್ಕೋಜಿ
ಬಿಳಿಯರ ಗುಡಾರ ಹೊಲಿದವನು;
ಹೊಲಿಗೆ ಓರೆಯಾಯಿತೆಂದು
ಕೂಲಿಯಲ್ಲಿ ಒಂದಾಣೆ ದಂಡ ಹಿಡಿದರಂತೆ.
ಟ್ರಾಂಟರನಿಗೆ ಇದನ್ನೆಲ್ಲ ಹೇಳಹೋಗಿ ಅರ್ಧಕ್ಕೆ ಬಿಟ್ಟೆ.
ಇಂಗ್ಲಿಷಿನಲ್ಲಿ ಅದು ಬರೀ ಕೋಲು.

ಶನಿವಾರ ಮಧ್ಯಾಹ್ನ ಗಂಟೆ ಬಾರಿಸಿತು.
ಮಳೆಕೋಟು, ಕೈಯಲ್ಲಿ ಬೇಕರಿಯ ಪೊಟ್ಟಣ,
ಎರಡು ಮಹಡಿಯ ಮೆಟ್ಟಿಲಿಗೆ ಏದುಸಿರು.
ದಾರಿ ತಪ್ಪಿ ಬಂದವರೆಂದುಕೊಂಡೆ.
"ಕಾರ್ಸ್‌ವೆಲ್" ಎಂದರು. ಸರ್ ಎನ್ನಲಿಲ್ಲ,
ಅದರ ಹಿಂದಿನದನ್ನೂ ಎನ್ನಲಿಲ್ಲ.
"ಒಮ್ಮೆ ಹಿಡಿದು ನೋಡಬಹುದೇ?"

ಕೊಟ್ಟೆವು.
ಹೆಬ್ಬೆರಳು ಸುತ್ತಿತು. ಉಳಿದ ನಾಲ್ಕು
ಹಸಿಶುಂಠಿಯ ಗಂಟಿನ ಹಾಗೆ ಅರ್ಧದಲ್ಲೇ ನಿಂತವು.
ದಂಡ ಜಾರಿ ಮೇಜಿಗೆ ಬಿತ್ತು,
ತಟ್ಟೆಯಲ್ಲಿದ್ದ ಸಿಂಹಗಳೆಲ್ಲ ಒಮ್ಮೆ ಕುಣಿದವು.
ಯಾರೂ ಮಾತಾಡಲಿಲ್ಲ. ಕೆಳಗೆ ರಸ್ತೆಯಲ್ಲಿ ಕಸದ ಲಾರಿ
ಹಿಂದೆ ಸರಿಯುತ್ತ ಪೀಂ ಪೀಂ ಎನ್ನುತ್ತಿತ್ತು.

"ಇದನ್ನು" ಎಂದರು, ಕಿಟಕಿಗೆ ಹೇಳುವವರಂತೆ,
"ಕೊಂಚ ಹಗುರ ಮಾಡಲಾದೀತೆ?
ಯಾರಿಗೂ ಗೊತ್ತಾಗದ ಹಾಗೆ."

ಈ ಕೈ ಎಷ್ಟು ಜನರಿಗೆ
ಯಾವ ಯಾವ ಗುಡ್ಡ ತೋರಿಸಿ ಕಳಿಸಿತ್ತೋ
ನಾನು ಕೇಳಲಿಲ್ಲ. ಕೇಳಬೇಕಿತ್ತೇನೋ.
ಪೊಟ್ಟಣ ಬಿಚ್ಚಿ ಬನ್ನು ಮುಂದಿಟ್ಟರು.
ತಿಂದೆವು.

ಸೋಮವಾರ ಟ್ರಾಂಟರ್ ತಾನು ಕಡೆದದ್ದನ್ನೇ
ಹಲ್ಲುಕಚ್ಚಿ ಕೊರೆದ, ಕೊನೆಯಿಂದ ಕೊನೆಗೆ,
ಒಲೆ ಊದುವ ಕೊಳವೆಯಷ್ಟು ಟೊಳ್ಳು.
ಒಂದು ಬಾಯಿಗೆ ಸವಾರ,
ಇನ್ನೊಂದಕ್ಕೆ ಹೆಸರು ಕೆತ್ತಿದ ಬಂಗಾರದ ಬಿಲ್ಲೆ.
ಟೊಳ್ಳಿನ ಮೇಲೆ ನಾನು ಮಖಮಲ್ಲು ಎಳೆದೆ,
ಸೇರುವೆ ಓರೆಯಾಗದಂತೆ,
ತುಕ್ಕೋಜಿಯ ಒಂದಾಣೆ ನೆನೆಯುತ್ತ.
ತಕ್ಕಡಿಯ ಮುಳ್ಳು ಮೂರು ಮನೆ ಹಿಂದೆ ಸರಿಯಿತು.

ಟೀವಿಯಲ್ಲಿ ನೋಡಿದೆ. ಕೊಟ್ಟರು, ಇಸಿದುಕೊಂಡರು.
ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ವೀರಭದ್ರ
ಅನ್ನುತ್ತಿದ್ದಳು ಅಮ್ಮ.
ಮಾಡಿದವರಿಗೆ ಗಾದೆಯಲ್ಲಿ ಜಾಗವಿಲ್ಲ.
ಎಷ್ಟು ಭಾರವಿರಬೇಕು ಎಂದಳು ನಿರೂಪಕಿ, ದನಿ ತಗ್ಗಿಸಿ.
ಬೆರಳು ಮುಚ್ಚಿದವೋ ಇಲ್ಲವೋ,
ಬಿಳಿಯ ಕೈಗವಸು, ಕಾಣಲಿಲ್ಲ.

ದಂಡದ ತಿರುಳನ್ನು,
ಸುರುಳಿ ಸುರುಳಿ ಓಕಿನ ಹೊಟ್ಟನ್ನು,
ಟ್ರಾಂಟರ್ ಬ್ರೆಡ್ಡಿನ ಚೀಲಕ್ಕೆ ತುಂಬಿ ಮನೆಗೊಯ್ದ.
ಅವನ ಮೊಮ್ಮಗಳ ಬಳಿ ಒಂದು ಮೊಲವಿದೆ,
ಹೆಸರು ಟರ್ನಿಪ್, ಒಂದು ಕಿವಿ ಮಡಿಚಿದ್ದು.
ರಾತ್ರಿ ಅದರ ಮೇಲೆಯೇ ಮಲಗುತ್ತದಂತೆ.
ಮೊದಲ ಎರಡು ದಿನ ಸೀನಿತಂತೆ,
ಈಗ ರೂಢಿಯಾಗಿದೆ.